ಎತ್ತುವುದಲ್ಲ, ಹತ್ತಿಸುವುದು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವ ನಾನು ಇಂದು ಗಜಲಿನ ಬಗ್ಗೆಯೋ ವಚನದ ಬಗ್ಗೆಯೋ ಮಾತನಾಡುತ್ತೇನೆಂದು ನೀವು ಎಣಿಸಿರಬಹುದು. ನನ್ನ ವಿಷಯ ಅದಲ್ಲ. ಒಂದು ದೋಣಿಯನ್ನು ವ್ಯಾನಿನ ಮೇಲೆ ಹೇಗೆ ಹತ್ತಿಸಿದೆವು ಎಂಬುದನ್ನು ಹೇಳುತ್ತೇನೆ. ಅದರಲ್ಲಿ ಭಾಷಾ ಶಿಕ್ಷಕನಾದ ನಾನು ಕಲಿತ ಪಾಠವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕೆಲವು ವರ್ಷಗಳಿಂದ ನಮ್ಮ ಕರಾವಳಿಯ ಹಿನ್ನೀರುಗಳಲ್ಲಿ ಕಯಾಕ್ ಎಂಬ ಸಣ್ಣ ದೋಣಿಗಳನ್ನು ನೀವು ನೋಡಿರುತ್ತೀರಿ. ಒಬ್ಬರು ಅಥವಾ ಇಬ್ಬರು ಕುಳಿತು, ಎರಡೂ ತುದಿಯಲ್ಲಿ ಅಲಗಿರುವ ಹುಟ್ಟಿನಿಂದ ನಡೆಸುವ ದೋಣಿ ಅದು. ಇದರ ಮೂಲ ನಮ್ಮ ನಾಡಲ್ಲ. ಉತ್ತರ ಧ್ರುವದ ಸಮೀಪ, ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಹಿಮದ ಸೀಮೆಯ ಇನೂಯಿಟ್ ಜನ ಬೇಟೆಗಾಗಿ ಇದನ್ನು ಮಾಡಿಕೊಂಡರು. ಅಲ್ಲಿ ದೊಡ್ಡ ಮರಗಳು ಬೆಳೆಯುವುದಿಲ್ಲ. ಸಮುದ್ರದಲ್ಲಿ ತೇಲಿ ಬಂದ ಮರದ ತುಂಡು ಮತ್ತು ಪ್ರಾಣಿಗಳ ಮೂಳೆಗಳಿಂದ ಚೌಕಟ್ಟು ಕಟ್ಟಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿಯುತ್ತಿದ್ದರು. ಒಬ್ಬನೇ ಮನುಷ್ಯ ಹೊತ್ತು ನಡೆಯುವಷ್ಟು ಹಗುರವಾದ ದೋಣಿ ಅದು. ಇಂದು ನಮ್ಮಲ್ಲಿ ಬಾಡಿಗೆಗೆ ಸಿಗುವ ಕಯಾಕ್ ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್ಕಿನದು. ಬಂಡೆಗೆ ತಾಗಿದರೂ ಸುಲಭದಲ್ಲಿ ಒಡೆಯುವುದಿಲ್ಲ, ಆದರೆ ತೂಕ ಹೆಚ್ಚು. ಇಬ್ಬರು ಕೂರುವ ಕಯಾಕ್ ಸುಮಾರು 30 ಕಿಲೋ, ಕೆಲವು ಅದಕ್ಕಿಂತಲೂ ಭಾರ.

ನನ್ನ ಅಣ್ಣ, ನಾವು ಭಾಯಿ ಎಂದು ಕರೆಯುವವರು, ಕುಂದಾಪುರದ ಪಂಚಗಂಗಾವಳಿಯ ಹಿನ್ನೀರಿನಲ್ಲಿ ಎರಡು ಕಯಾಕ್ ಇಟ್ಟುಕೊಂಡು, ಬಂದವರಿಗೆ ಕಾಂಡ್ಲಾ ಗಿಡಗಳ ನಡುವೆ ತಿರುಗಾಡಿಸಿ ಜೀವನ ನಡೆಸುತ್ತಾರೆ. ದಡದಲ್ಲಿ ದೋಣಿ ಇಡಲು ಅವರಿಗೆ ಜಾಗವಿಲ್ಲ. ದಿನಾ ಬೆಳಿಗ್ಗೆ ಮನೆಯಿಂದ ತಮ್ಮ ಹಳೆಯ ಓಮ್ನಿ ವ್ಯಾನಿನ ಕ್ಯಾರಿಯರ್ ಮೇಲೆ ಹೇರಿ ಒಯ್ಯಬೇಕು, ಸಂಜೆ ತರಬೇಕು. ಒಂದು ಬೆಳಿಗ್ಗೆ ಒಬ್ಬರೇ ತಲೆಯ ಮೇಲೆ ಎತ್ತಲು ಹೋಗಿ ಸೊಂಟ ಹಿಡಿಯಿತು. ಹದಿನೈದು ದಿನ ಮಲಗಿದರು. ಒಬ್ಬರೇ ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಭಾಯಿ ಯಾರನ್ನೂ ಸಹಾಯಕ್ಕೆ ಕರೆಯುವ ಸ್ವಭಾವದವರಲ್ಲ. "ಎರಡನ್ನೂ ಮಾರಿಬಿಡುತ್ತೇನೆ, ಗಿರಾಕಿ ಇದ್ದರೆ ಹೇಳು" ಎಂದರು. ಅತ್ತಿಗೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಏನೂ ಮಾತನಾಡಲಿಲ್ಲ. ಮಕ್ಕಳ ಶಾಲೆ, ಮನೆಯ ಖರ್ಚು ಎಲ್ಲ ಆ ಎರಡು ದೋಣಿಯ ಮೇಲೆಯೇ ನಿಂತಿತ್ತು.

ಅಮೆರಿಕ, ಯುರೋಪುಗಳಲ್ಲಿ ಕಯಾಕನ್ನು ಕಾರಿನ ಮೇಲೆ ಏರಿಸಲು ಸಿದ್ಧ ಸಾಧನಗಳು ಸಿಗುತ್ತವೆ. ಕಾರಿನ ಹಿಂದಿನ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಕೊಳವೆಯಂಥವು ಭಾರದ ಒಂದು ಪಾಲನ್ನು ಹೊರುತ್ತವೆ. ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ. ಅಲ್ಲಿಯೂ ಅನೇಕರು ಪೈಪು, ಮರದ ಪಟ್ಟಿ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ನಾವೂ ಮಾಡೋಣ ಎಂದು ದಸರಾ ರಜೆಯಲ್ಲಿ ಹೊರಟೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಬೇಡ. ಬಿಡುವಿನಲ್ಲಿ ಚಾಚಾನ ಗ್ಯಾರೇಜಿನಲ್ಲಿ ಕೆಲಸ. ಕನ್ನಡ ಪ್ರಬಂಧ ಬರೆಯಲು ಹೇಳಿದರೆ ಮೂರು ಸಾಲು ಬರೆದು ಕಿಟಕಿಯ ಹೊರಗೆ ನೋಡುವವನು. ಶಿಕ್ಷಕರ ಕೊಠಡಿಯಲ್ಲಿ ಅವನನ್ನು ದಡ್ಡ ಎನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಪೈಪು ಕತ್ತರಿಸಿಕೊಡಲು ಮಾತ್ರ ಅವನನ್ನು ಕರೆದೆ. ನನ್ನ ಯೋಜನೆ ಇದ್ದದ್ದು ಜಾಕ್ ಇಟ್ಟು ಇಡೀ ದೋಣಿಯನ್ನು ನೇರ ಮೇಲಕ್ಕೆ ಎತ್ತುವುದು. ಕಾಗದದ ಮೇಲೆ ಚಿತ್ರವನ್ನೂ ಬರೆದಿದ್ದೆ. ಹುಡುಗ ಚಿತ್ರ ನೋಡಿ ಕೇಳಿದ: "ಸರ್, ಇದನ್ನು ಎತ್ತಬೇಕಾ, ಹತ್ತಿಸಬೇಕಾ?"

ನನಗೆ ಥಟ್ಟನೆ ಅರ್ಥವಾಗಲಿಲ್ಲ. ಅವನು ಹೇಳಿದ: "ಮೀನುಗಾರರು ದೋಣಿಯನ್ನು ದಡಕ್ಕೆ ತರುವಾಗ ಎತ್ತುವುದಿಲ್ಲ ಸರ್. ಕೆಳಗೆ ಉರುಟು ಮರದ ತುಂಡು ಇಟ್ಟು ದೂಡುತ್ತಾರೆ. ಒಂದು ಉರುಟು ತುಂಡನ್ನು ವ್ಯಾನಿನ ಎತ್ತರದಲ್ಲಿ ಕಟ್ಟಿದರೆ ಆಯ್ತಲ್ಲ?" ಕನ್ನಡ ಶಿಕ್ಷಕನಿಗೆ ಎರಡು ಕ್ರಿಯಾಪದಗಳ ವ್ಯತ್ಯಾಸವನ್ನು ವಿದ್ಯಾರ್ಥಿ ಹೇಳಿಕೊಟ್ಟ.

ನಾವು ಮಾಡಿದ ಸಾಧನ ಇಷ್ಟೇ. ಫುಟ್‌ಬಾಲ್ ಗೋಲಿನ ಹಾಗೆ ಎರಡು ಕಂಬ, ಮೇಲೆ ಒಂದು ಅಡ್ಡ. ಕಂಬಗಳು ಒಂದೂವರೆ ಇಂಚಿನ ಜಿಐ ಪೈಪು, ಸುಮಾರು ಆರು ಅಡಿ ಎತ್ತರ, ಎಂದರೆ ವ್ಯಾನಿನ ಕ್ಯಾರಿಯರ್‌ಗಿಂತ ಸ್ವಲ್ಪವೇ ಮೇಲೆ. ಅಡ್ಡಕ್ಕೆ ಒಂದು ಇಂಚಿನ ಜಿಐ ಪೈಪು, ಅದರ ಮೇಲೆ ಸಡಿಲವಾಗಿ ತಿರುಗುವಂತೆ ಎರಡು ಇಂಚಿನ ಪಿವಿಸಿ ಪೈಪು. ಅದೇ ನಮ್ಮ ರೋಲರ್. ಪಿವಿಸಿ ಒಂದೇ ಇದ್ದರೆ ಭಾರಕ್ಕೆ ಬಾಗುತ್ತದೆ, ಒಳಗಿನ ಕಬ್ಬಿಣ ಭಾರ ಹೊರುತ್ತದೆ, ಹೊರಗಿನ ಪಿವಿಸಿ ತಿರುಗುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ರೋಲರಿನ ಎರಡೂ ಕಡೆ ಗೇಣುದ್ದದ ಗೂಟ. ಕಂಬಗಳು ಮರಳಿನಲ್ಲಿ ಹೂತುಹೋಗದಂತೆ ಬುಡದಲ್ಲಿ ಒಂದು ಮರದ ಹಲಗೆ. ವ್ಯಾನಿನ ಹಿಂಬಾಗಿಲಿನಿಂದ ಒಂದು ಅಡಿ ದೂರ ನಿಲ್ಲಿಸಿ, ಮೇಲ್ಭಾಗವನ್ನು ಎರಡು ಕೊಕ್ಕೆಗಳಿಂದ ಕ್ಯಾರಿಯರ್‌ಗೆ ಸಿಕ್ಕಿಸಬೇಕು. ಬಣ್ಣ ಕೆರೆಯದಂತೆ ಪೈಪಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದೆವು. ಸೊಂಟದ ಎತ್ತರದಲ್ಲಿ ಇನ್ನೊಂದು ಅಡ್ಡಪೈಪು ಹಾಕಿದೆವು. ಹಿಂದೆ ದಾರಿ ಬದಿಯಲ್ಲಿ ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಎತ್ತರದ ಕಲ್ಲು ಇಡುತ್ತಿದ್ದರಲ್ಲ, ಹಾಗೆ. ದೋಣಿಯ ಮುಂತುದಿಯನ್ನು ಮೊದಲು ಅಲ್ಲಿ ಇಟ್ಟು, ಉಸಿರು ತೆಗೆದುಕೊಂಡು, ಕೈ ಬದಲಿಸಿ ಮತ್ತೆ ಮೇಲಿನ ರೋಲರಿಗೆ ಇಡಬಹುದು. ಹೊಸದಾಗಿ ಕೊಂಡದ್ದು ಪಿವಿಸಿ ಪೈಪು, ನಟ್ಟು ಬೋಲ್ಟು ಮತ್ತು ಕಟ್ಟುವ ಪಟ್ಟಿ ಮಾತ್ರ. ಉಳಿದುದೆಲ್ಲ ಗ್ಯಾರೇಜಿನ ಮೂಲೆಯಲ್ಲಿತ್ತು.

ಇನ್ನು ಲೆಕ್ಕ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಕಯಾಕಿನ ಉದ್ದ 12 ಅಡಿ, ತೂಕ 30 ಕಿಲೋ, ಭಾರದ ಕೇಂದ್ರ ಸರಿಯಾಗಿ ನಡುವೆ, 6 ಅಡಿಯಲ್ಲಿ ಇದೆ ಎಂದುಕೊಳ್ಳಿ. ಮುಂತುದಿ ರೋಲರಿನ ಮೇಲೆ ಕೂತಿದೆ, ನೀವು ಹಿಂತುದಿಯನ್ನು ಹಿಡಿದಿದ್ದೀರಿ. ಆಗ ರೋಲರಿಗೆ 15 ಕಿಲೋ, ನಿಮ್ಮ ಕೈಗೆ 15 ಕಿಲೋ. ದೋಣಿಯನ್ನು ಮುಂದಕ್ಕೆ ದೂಡುತ್ತಾ ಹೋಗಿ. ಮೂರು ಅಡಿ ರೋಲರ್ ದಾಟಿದಾಗ ರೋಲರಿನಿಂದ ಭಾರದ ಕೇಂದ್ರಕ್ಕೆ 3 ಅಡಿ, ನಿಮ್ಮ ಕೈಗೆ 9 ಅಡಿ. ಮೂವತ್ತರಲ್ಲಿ ಒಂಬತ್ತನೇ ಮೂರು ಭಾಗ, ಎಂದರೆ 10 ಕಿಲೋ ಮಾತ್ರ ಕೈಗೆ. ನಾಲ್ಕು ಅಡಿ ದಾಟಿದಾಗ ಏಳೂವರೆ ಕಿಲೋ. ಐದು ಅಡಿ ದಾಟಿದಾಗ ನಾಲ್ಕು ಕಿಲೋ ಚಿಲ್ಲರೆ. ದೋಣಿಯ ತೂಕ ಒಂದು ಗ್ರಾಮೂ ಇಳಿದಿಲ್ಲ, ನಿಮ್ಮ ಪಾಲು ಇಳಿದಿದೆ. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಎರಡನೇ ವರ್ಗದ ಸನ್ನೆ ಎನ್ನುತ್ತಾರೆ. ನಿಮ್ಮ ಅಜ್ಜಿಯ ಅಡಕತ್ತರಿಯೂ ಅದೇ ಜಾತಿಯದು. ಒಂದು ಮಾತು ಮಾತ್ರ ಮರೆಯಬೇಡಿ. ರೋಲರಿನಿಂದ ಕ್ಯಾರಿಯರಿನ ಮುಂದಿನ ಅಡ್ಡಪಟ್ಟಿಗೆ ಇರುವ ದೂರ ದೋಣಿಯ ಅರ್ಧ ಉದ್ದಕ್ಕಿಂತ ಕಡಿಮೆ ಇರಬೇಕು. ಆಗ ಭಾರದ ಕೇಂದ್ರ ರೋಲರ್ ದಾಟುವ ಮೊದಲೇ ಮುಂತುದಿಗೆ ಆಸರೆ ಸಿಗುತ್ತದೆ. ಇಲ್ಲವಾದರೆ ಮುಂತುದಿ ಧೊಪ್ಪನೆ ಕೆಳಗೆ ಬಡಿಯುತ್ತದೆ.

ಮೊದಲ ಪರೀಕ್ಷೆಯ ದಿನ ಆದದ್ದನ್ನೂ ಹೇಳಬೇಕು. ಸಾಧನ ಗಟ್ಟಿಯಾಗಿರಲಿ ಎಂದು ರೋಲರಿನ ಎರಡೂ ಕಡೆಯ ನಟ್ಟುಗಳನ್ನು ನಾನೇ ಪಾನಾ ಹಿಡಿದು ಬಲವಾಗಿ ಬಿಗಿದಿದ್ದೆ. ಹುಡುಗ "ಸರ್, ಜಾಸ್ತಿ ಬಿಗಿಯಾಯ್ತು..." ಎಂದು ಶುರು ಮಾಡಿದ. ಭಾಯಿ ಎದುರಿಗಿದ್ದರು. ನನಗೆ ದೊಡ್ಡವನೆಂಬ ಹಮ್ಮು. "ನೀನು ಸುಮ್ಮನಿರು, ಹೇಳಿದಷ್ಟು ಮಾಡು" ಎಂದೆ. ಅವಸರದಲ್ಲಿ ಕೊಕ್ಕೆಗಳನ್ನೂ ಸಿಕ್ಕಿಸಿರಲಿಲ್ಲ. ದೋಣಿಯನ್ನು ದೂಡಿದೆ. ಬಿಗಿದ ರೋಲರ್ ತಿರುಗಲಿಲ್ಲ. ದೋಣಿಯ ಜೊತೆ ಇಡೀ ಚೌಕಟ್ಟೇ ಮುಂದಕ್ಕೆ ವಾಲಿ ವ್ಯಾನಿಗೆ ಬಡಿಯಿತು. ಹಿಂದಿನ ದೀಪ ಪುಡಿಯಾಯಿತು. ಭಾಯಿ ಒಂದು ಮಾತೂ ಆಡದೆ ಒಳಗೆ ಹೋದರು. ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ಹುಡುಗ ನೆಲದ ಮೇಲಿನ ಗಾಜಿನ ಚೂರುಗಳನ್ನು ಆರಿಸುತ್ತಿದ್ದ. ನಾನು ಅವನ ಪಕ್ಕ ಕೂತು, "ಆಗ ಏನು ಹೇಳಲು ಹೊರಟಿದ್ದೆ?" ಎಂದು ಕೇಳಿದೆ. "ನಟ್ಟು ಪಿವಿಸಿಯನ್ನು ಒತ್ತುತ್ತಿದೆ ಸರ್. ನಡುವೆ ಒಂದು ವಾಷರ್ ಹಾಕಿ ಬೆರಳ ಅಗಲದಷ್ಟು ಜಾಗ ಬಿಟ್ಟರೆ ತಿರುಗುತ್ತದೆ" ಎಂದ. ಹತ್ತು ನಿಮಿಷದ ಕೆಲಸ. ಮೊದಲೇ ಕೇಳಿದ್ದರೆ ದೀಪ ಉಳಿಯುತ್ತಿತ್ತು. ನಾನು ಅವನ ಕ್ಷಮೆ ಕೇಳಿದೆ. ವಿದ್ಯಾರ್ಥಿಯ ಕ್ಷಮೆ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಾರನೆಯ ದಿನ ಅವನೇ ಇನ್ನೊಂದು ದಾರಿ ತೋರಿಸಿದ. ಕೆಂಪು ಕಲ್ಲಿನ ಪಣೆಯಲ್ಲಿ ಲಾರಿಯನ್ನು ತಗ್ಗಿನಲ್ಲಿ ನಿಲ್ಲಿಸಿ ಮೇಲಿನ ದಿಬ್ಬದಿಂದ ಕಲ್ಲು ತುಂಬಿಸುತ್ತಾರೆ. ಹಾಗೆಯೇ ನಾವು ವ್ಯಾನಿನ ಹಿಂಭಾಗವನ್ನು ಒಂದೂವರೆ ಅಡಿ ಎತ್ತರದ ದಿಬ್ಬದ ಕಡೆ ಮಾಡಿ ನಿಲ್ಲಿಸಿದೆವು. ದೋಣಿ ದಿಬ್ಬದ ಮೇಲೆ, ಚೌಕಟ್ಟು ನಡುವಿನ ತಗ್ಗಿನಲ್ಲಿ. ಆರು ಅಡಿಯ ಎತ್ತರ ನಾಲ್ಕೂವರೆ ಅಡಿಗೆ ಇಳಿಯಿತು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕೊಕ್ಕೆ ಸಿಕ್ಕಿಸಿ, ಭಾಯಿಯನ್ನು ಕರೆದೆವು. ಅವರು ಮೊಣಕಾಲು ಬಗ್ಗಿಸಿ ಮುಂತುದಿಯನ್ನು ಎತ್ತಿ ಕೆಳಗಿನ ಪೈಪಿಗೆ ಇಟ್ಟರು, ಆಮೇಲೆ ರೋಲರಿಗೆ. ಹಿಂದೆ ಹೋಗಿ ದೂಡಿದರು. ರೋಲರ್ ತಿರುಗಿತು, ದೋಣಿ ತಾನಾಗಿ ಹೋದಂತೆ ಹೋಗಿ ಕ್ಯಾರಿಯರಿನ ಮೇಲೆ ಕೂತಿತು. ಭಾಯಿ ಎರಡೂ ಕೈ ನೋಡಿಕೊಂಡು, "ಇಷ್ಟೇನಾ?" ಎಂದರು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಚಹಾ ಮಾಡಲು ಒಳಗೆ ಹೋದರು. ದೋಣಿ ಮಾರುವ ಮಾತು ಮತ್ತೆ ಬರಲಿಲ್ಲ.

ನೀವೂ ಇಂಥದ್ದು ಮಾಡುವುದಾದರೆ ಕೆಲವು ಎಚ್ಚರಿಕೆ. ನಿಮ್ಮ ವಾಹನದ ಕೈಪಿಡಿಯಲ್ಲಿ ಛಾವಣಿ ಎಷ್ಟು ಭಾರ ಹೊರಬಹುದು ಎಂದು ಬರೆದಿರುತ್ತದೆ, ಕ್ಯಾರಿಯರಿನ ತೂಕ ಸೇರಿಸಿ ಅದನ್ನು ಮೀರಬೇಡಿ. ದೋಣಿಯನ್ನು ಎರಡು ಕಡೆ ಅಗಲ ಪಟ್ಟಿಯಿಂದ ಕಟ್ಟಿ, ಮುಂತುದಿ ಹಿಂತುದಿಗಳನ್ನೂ ಬೇರೆಯಾಗಿ ಬಿಗಿಯಿರಿ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಅದನ್ನೇ ನಂಬಬೇಡಿ. ಅತಿಯಾಗಿ ಬಿಗಿದು ಬಿಸಿಲಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ ತಗ್ಗುಬೀಳುತ್ತದೆ. ಹೊರಟ ಒಂದೆರಡು ಕಿಲೋಮೀಟರಿಗೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೊಮ್ಮೆ ನೋಡಿ. ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ. ಹೊರಡುವ ಮೊದಲು ಚೌಕಟ್ಟನ್ನು ಬಿಚ್ಚಿ ವ್ಯಾನಿನೊಳಗೆ ಹಾಕಲು ಮರೆಯಬೇಡಿ. ಸೊಂಟ ನೋವಿದ್ದವರಿಗೆ ಈ ಸಾಧನ ಔಷಧಿಯಲ್ಲ, ಜೊತೆಗೆ ಇನ್ನೊಬ್ಬರಿದ್ದರೆ ಕರೆಯುವುದೇ ಒಳ್ಳೆಯದು.

ಈಗ ಭಾಷಾ ಶಿಕ್ಷಕನ ಪಾಠಕ್ಕೆ ಬರುತ್ತೇನೆ. ರಜೆ ಮುಗಿದ ಮೇಲೆ 'ನಾನು ಮಾಡಿದ ಒಂದು ಕೆಲಸ' ಎಂದು ಪ್ರಬಂಧ ಕೊಟ್ಟೆ. ಮೂರು ಸಾಲಿನ ಹುಡುಗ ಮೂರು ಪುಟ ಬರೆದ. ಕಾಗುಣಿತದ ತಪ್ಪುಗಳಿದ್ದವು. ಕನ್ನಡದ ನಡುವೆ ಗ್ಯಾರೇಜಿನ ಮಾತು, ಮನೆಯ ಉರ್ದು ಮಾತು ಸೇರಿದ್ದವು. ಆದರೆ ಯಾವ ಪೈಪು, ಎಷ್ಟು ಉದ್ದ, ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ತಪ್ಪಬಹುದು ಎಲ್ಲವೂ ಇತ್ತು. ಅದನ್ನು ಓದಿದ ಯಾರಾದರೂ ಆ ಸಾಧನವನ್ನು ಮಾಡಬಹುದಿತ್ತು. ಅಲ್ ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಮುಗಿಸಿದ ಅರಬ್ಬಿ ಗ್ರಂಥವನ್ನು ಜಗತ್ತು ಇಂದಿಗೂ ಗೌರವಿಸುವುದಕ್ಕೆ ಇದೂ ಒಂದು ಕಾರಣ. ನೀರೆತ್ತುವ ಯಂತ್ರಗಳನ್ನು, ಗಡಿಯಾರಗಳನ್ನು ಮತ್ತೊಬ್ಬ ಕುಶಲಕರ್ಮಿ ಕಟ್ಟಲು ಅನುಕೂಲವಾಗುವಂತೆ ಚಿತ್ರ ಸಹಿತ ವಿವರಿಸಿ ಬರೆದಿಟ್ಟ. ಕೈ ಬಲ್ಲದ್ದನ್ನು ಭಾಷೆಗೆ ತರುವುದೂ ವಿದ್ಯೆಯೇ.

ವಿದ್ಯಾರ್ಥಿಗಳೇ, ನಿಮಗೆ ಬರೆಯಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ನಿಮ್ಮ ಕೈ ಬಲ್ಲ ಕೆಲಸವೊಂದನ್ನು ಬರೆದು ನೋಡಿ. ಶಿಕ್ಷಕ ಬಂಧುಗಳೇ, ಮಗುವನ್ನು ನಾವೇ ಎತ್ತಿ ಮೇಲೆ ಕೂರಿಸಲು ಹೋಗಿ ಸುಸ್ತಾಗುತ್ತೇವೆ. ಸರಿಯಾದ ಜಾಗದಲ್ಲಿ ಒಂದು ಆಸರೆ ಇಟ್ಟರೆ ಅದು ತಾನೇ ಹತ್ತುತ್ತದೆ. ಆದರೆ ನಟ್ಟು ಅತಿಯಾಗಿ ಬಿಗಿಯಬಾರದು.

ಆ ಪ್ರಬಂಧದ ಕೊನೆಯ ಸಾಲನ್ನು ಹುಡುಗನ ಅನುಮತಿ ಪಡೆದು ಇಲ್ಲಿ ಹೇಳಿ ನನ್ನ ಮಾತು ಮುಗಿಸುತ್ತೇನೆ: "ದೋಣಿಯ ಭಾರ ಅಷ್ಟೇ ಇರುತ್ತದೆ. ನಮ್ಮ ಪಾಲು ಕಡಿಮೆ ಆಗುತ್ತದೆ."