ಬಾಲಂಗೋಸಿ ಇಲ್ಲದ ದೋಣಿ

ಕುಷ್ಟಗಿ, ಯಲಬುರ್ಗಾ ಕಡೆಯ ನಮಗೆ ನೀರು ಅಂದರೆ ಕೆರೆ, ಬಾವಿ, ಬೋರು. ಹೊಳೆ ನೋಡಬೇಕೆಂದರೆ ಗಂಗಾವತಿ ದಾಟಿ ಆನೆಗೊಂದಿಗೆ ಹೋಗಬೇಕು. ನಾನು ಮೊದಲ ಸಲ ಹರಿಗೋಲು ಹತ್ತಿದ್ದು ಅಲ್ಲಿಯೇ, ಚಿಕ್ಕವನಿದ್ದಾಗ. ಬಿದಿರಿನ ಹೆಣಿಗೆ, ಅದರ ಹೊರಗೆ ಡಾಂಬರು ಬಳಿದ ಹೊದಿಕೆ. ಕೆಳಗೆ ನೀರು ಸರಿಯುವುದು ಅಂಗಾಲಿಗೆ ತಿಳಿಯುತ್ತಿತ್ತು. ಅಂಬಿಗ ತಲೆಯ ಟವೆಲ್ಲು ಸರಿಮಾಡಿಕೊಳ್ಳಲು ಹುಟ್ಟು ಎತ್ತಿದ್ದೇ ತಡ, ಹರಿಗೋಲು ಗಿರ್ರನೆ ತಿರುಗಿತು. ಎದುರಿಗಿದ್ದ ಹಂಪಿಯ ಬಂಡೆಗಳು ಬೆನ್ನಿಗೆ ಬಂದವು. “ಯಾಕ ಹಿಂಗ ತಿರಗತೈತಿ, ಕಾಕಾ?” ಅಂದೆ. “ಇದಕ್ಕ ಮಾರಿನೂ ಇಲ್ಲ, ಬೆನ್ನೂ ಇಲ್ಲ ತಮ್ಮಾ. ನಾ ಹುಟ್ಟು ಎಲ್ಲಿ ಹಾಕತೀನಿ, ಅದ ಇದರ ಮಾರಿ” ಅಂದ.

ಇಂಥದೇ ದೋಣಿಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡಿದ್ದ. ಬುಟ್ಟಿಯಂತೆ ದುಂಡಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ದೊಡ್ಡದು. ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ಚರ್ಮದ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಅಲ್ಲಿ ಇಬ್ಬರು ನಿಂತು ನಡೆಸುತ್ತಿದ್ದರಂತೆ: ಒಬ್ಬ ಹುಟ್ಟನ್ನು ತನ್ನತ್ತ ಎಳೆದರೆ ಇನ್ನೊಬ್ಬ ಆಚೆಗೆ ತಳ್ಳುವುದು. 1803ರ ಮರಾಠಾ ಯುದ್ಧದ ಹೊತ್ತಿಗೆ ಆರ್ಥರ್ ವೆಲ್ಲೆಸ್ಲಿ ಕೂಡ ತುಂಬಿದ ಹೊಳೆಗಳನ್ನು ಸೈನ್ಯ ದಾಟಲೆಂದು ಇಂಥವನ್ನೇ ಕಟ್ಟಿಸಿದ.

ಆನೆಗೊಂದಿಯ ಅಂಬಿಗ ಹಿಂದೆ ಕೂತು ನೂಕುವುದಿಲ್ಲ. ಮುಂದಿನ ಅಂಚಿಗೆ ಮಂಡಿಯೂರಿ, ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಸೆಳೆದುಕೊಳ್ಳುತ್ತಾನೆ. ಅಂದರೆ ದೋಣಿಯನ್ನು ಮುಂದಿನಿಂದ ಜಗ್ಗುತ್ತಾನೆ. ಅವನ ಹುಟ್ಟೇ ಹಗ್ಗ. ಇದನ್ನು ನೋಡುವಾಗೆಲ್ಲ ನನಗೆ ಸಮುದ್ರದಲ್ಲಿ ಟಗ್ಗು ಎಂಬ ಎಳೆಯುವ ಹಡಗಿನ ಹಿಂದೆ ಬರುವ ಬಾರ್ಜು, ಅಂದರೆ ಸರಕಿನ ಚಪ್ಪಟೆ ದೋಣಿ, ನೆನಪಾಗುತ್ತದೆ.

ಮುಂದಿನಿಂದ ಎಳೆದರೆ ಯಾವುದಾದರೂ ನೆಟ್ಟಗೆ ಹಿಂಬಾಲಿಸುತ್ತದೆ ಅಂದುಕೊಳ್ಳುತ್ತೇವೆ. ನೀರಿನಲ್ಲಿ ಹಾಗಾಗುವುದಿಲ್ಲ. ಬಾರ್ಜು ಚೂರು ಓರೆಯಾದರೂ ಸಾಕು, ನೀರಿನ ಒತ್ತು ಅದರ ಮೂತಿಯ ಹತ್ತಿರ ಬಿದ್ದು ಇನ್ನಷ್ಟು ಓರೆಗೆ ತಳ್ಳುತ್ತದೆ. ಹಗ್ಗ ಬಿಗಿದು ಈಚೆಗೆ ಜಗ್ಗುತ್ತದೆ. ಬಾರ್ಜು ನಡುವೆ ನಿಲ್ಲದೆ ಆಚೆ ಮಗ್ಗುಲಿಗೆ ಹಾಯುತ್ತದೆ. ಹೀಗೆ ತೊಟ್ಟಿಲು ತೂಗಿದಂತೆ ತೂಗಿ ತೂಗಿ ಹಗ್ಗವೇ ಹರಿಯಬಹುದು.

ಈ ಓಲಾಟಕ್ಕೆ ಮದ್ದು ಏನೆಂದು ಗಾಳಿಪಟ ಹಾರಿಸಿದ ಪ್ರತಿ ಹುಡುಗನಿಗೂ ಗೊತ್ತು: ಸೂತ್ರ ಮತ್ತು ಬಾಲಂಗೋಸಿ. ಬಾರ್ಜಿನ ಮುಂದಿನ ಎರಡು ಮೂಲೆಗಳಿಂದ ಎರಡು ಹಗ್ಗ ತಂದು ಒಂದು ಗಂಟಿಗೆ ಸೇರಿಸುತ್ತಾರೆ, ಅದು ಸೂತ್ರ. ಹಿಂಭಾಗದ ಅಡಿಯಲ್ಲಿ ರೆಕ್ಕೆಯಂಥ ಹಲಗೆ ಕೂರಿಸುತ್ತಾರೆ. ಸ್ಕೆಗ್ ಎನ್ನುವ ಇದೇ ಬಾಲಂಗೋಸಿ. ನೀರಿನ ಒತ್ತನ್ನು ಮೂತಿಯಿಂದ ಹಿಂದಕ್ಕೆ ತರುತ್ತದೆ. ಸರಕನ್ನು ತುಸು ಹಿಂದಕ್ಕೆ ಹೇರಿ, ಹಿಂಭಾಗ ನೀರಿಗಿಳಿಯುವಂತೆ ಮಾಡಿದರೂ ಅನುಕೂಲ.

ಎಳೆಯುವ ಕೆಲಸ ಎಷ್ಟು ಕಠಿಣ ಎಂಬುದಕ್ಕೆ 1877ರ ಕತೆಯೊಂದಿದೆ. ಈಜಿಪ್ಟಿನ ಕಲ್ಲಿನ ಸ್ತಂಭವೊಂದನ್ನು ಲಂಡನ್ನಿಗೆ ಒಯ್ಯಲು ಸುಮಾರು 28 ಮೀಟರ್ ಉದ್ದದ ಕಬ್ಬಿಣದ ಕೊಳವೆ ಮಾಡಿ, ಕಲ್ಲನ್ನು ಅದರೊಳಗಿಟ್ಟು, ‘ಕ್ಲಿಯೋಪಾತ್ರಾ’ ಎಂದು ಹೆಸರಿಟ್ಟು ಓಲ್ಗಾ ಎಂಬ ಹಡಗಿನ ಹಿಂದೆ ಕಟ್ಟಿದರು. ಅಕ್ಟೋಬರ್ 14ರಂದು ಬಿಸ್ಕೇ ಕೊಲ್ಲಿಯಲ್ಲಿ ಬಿರುಗಾಳಿ ಎದ್ದಿತು. ಕೊಳವೆಯೊಳಗಿನ ಭಾರ ಜರುಗಿ ಅದು ಮಗ್ಗುಲಾಯಿತು. ಅದರಲ್ಲಿದ್ದವರನ್ನು ಉಳಿಸಲು ಸಣ್ಣ ದೋಣಿಯಲ್ಲಿ ಹೋದ ಓಲ್ಗಾದ ಆರು ನಾವಿಕರು ನೀರುಪಾಲಾದರು. ಕೊಳವೆಯಲ್ಲಿದ್ದವರು ಬದುಕಿದರು. ಕೊಳವೆಯೂ ಮುಳುಗಲಿಲ್ಲ, 1878ರ ಜನವರಿಯಲ್ಲಿ ಒಂದು ಟಗ್ಗು ಅದನ್ನು ಲಂಡನ್ನಿಗೆ ತಲುಪಿಸಿತು. ಇಂದು ಥೇಮ್ಸ್ ದಡದಲ್ಲಿರುವ ಆ ಸ್ತಂಭದ ಬುಡದಲ್ಲಿ ಆರೂ ಜನರ ಹೆಸರುಗಳಿವೆ.

ಹಗ್ಗದ ಉದ್ದ ಎಷ್ಟಿರಬೇಕು, ಎಲ್ಲಿ ಕಟ್ಟಿದರೆ ಓಲಾಟ ಅಡಗುತ್ತದೆ ಎಂಬುದನ್ನು 1950ರಲ್ಲಿ ಅಮೆರಿಕದ ಸ್ಟ್ರಾಂಡ್‌ಹೇಗನ್, ಶೋನ್‌ಹರ್, ಕೊಬಯಾಶಿ ಎಂಬ ಮೂವರು ಸಂಶೋಧಕರು ಗಣಿತದಲ್ಲಿ ಬಿಡಿಸಿದರು. ಅಲ್ಲಿಯವರೆಗೆ ನಾವಿಕರು ಹೆಚ್ಚಾಗಿ ಕೈ ಅಂದಾಜಿನಲ್ಲೇ ನಡೆಸಿದ್ದರು.

ಹರಿಗೋಲಿಗೆ ಸೂತ್ರವೂ ಇಲ್ಲ, ಬಾಲಂಗೋಸಿಯೂ ಇಲ್ಲ. ಆ ಎರಡೂ ಕೆಲಸ ಅಂಬಿಗನ ಎರಡು ತೋಳಿನದು. ಹೊಳೆಯ ಮೇಲ್ಗಡೆ ಇರುವ ಮುನಿರಾಬಾದಿನ ಅಣೆಕಟ್ಟೆಯಿಂದ ನೀರು ಜಾಸ್ತಿ ಬಿಟ್ಟ ದಿನ ಆ ತೋಳೂ ಸಾಲದು, ದೋಣಿ ದಡದ ಮೇಲೆ ಬೋರಲಾಗಿ ಬಿದ್ದಿರುತ್ತದೆ. ಉಳಿದ ದಿನ ಅವನು ಸೆಳವಿಗೆ ಎದುರು ಹೋಗುವುದಿಲ್ಲ. ಓರೆಯಾಗಿ ಬಿಟ್ಟು, ಕೆಳಗಿನ ದಡ ಹಿಡಿಯುತ್ತಾನೆ. ಆಮೇಲೆ ಹರಿಗೋಲನ್ನು ಬೆನ್ನಿಗೆ ಹೊತ್ತು, ಆಮೆಯಂತೆ ಕಾಣುತ್ತ, ದಡದ ಮೇಲೇ ನಡೆದು ಮೇಲಕ್ಕೆ ಬರುತ್ತಾನೆ.