ರಕ್ತಕ್ಕೆ ಕಬ್ಬಿಣವೋ, ಲಿವರೋ?
(ಉಜ್ಜಿನಿಯಲ್ಲಿ ಮಾಡಿದ ಭಾಷಣ)



ಮುಖ ಬಿಳಿಚಿಕೊಂಡು ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ ನಮ್ಮ ಜನ ಕಬ್ಬಿಣದ ಮಾತ್ರೆ ಮೇಲೋ, ಲಿವರ್ ಟಾನಿಕ್ ಮೇಲೋ ಎಂದು ಕೇಳುತ್ತಾರೆ. ಯಾವುದರ ಕೊರತೆಯಿಂದ ರಕ್ತ ಕುಗ್ಗಿದೆ ಎಂಬುದನ್ನು ಮೊದಲು ಕೇಳಬೇಕು.

ಲಿವರಿಗೆ ಹೆಸರು ಬಂದದ್ದು 1926ರಲ್ಲಿ. ಅಮೆರಿಕದ ವೈದ್ಯರಾದ ಮೈನಟ್ ಮತ್ತು ಮರ್ಫಿ ಒಂದು ಬಗೆಯ ಮಾರಕ ರಕ್ತಹೀನತೆಯನ್ನು ಲಿವರ್ ತಿನ್ನಿಸಿ ಹತೋಟಿಗೆ ತಂದರು. ಅದರೊಳಗಿನ ಸತ್ವವಾದ ಬಿ-12 ಅನ್ನು 1948ರಲ್ಲಿ ಬೇರ್ಪಡಿಸಿದರು. ಈಗ ಅದಕ್ಕೆ ಚುಚ್ಚುಮದ್ದೇ ಉಂಟು.

1928ರಲ್ಲಿ ವೈದ್ಯೆ ಲೂಸಿ ವಿಲ್ಸ್ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಸಿಸಿದರು. ಅಗ್ಗದ ಯೀಸ್ಟ್ ಸಾರದಿಂದ ಅದು ಗುಣವಾಯಿತು. ಗುಣಪಡಿಸಿದ ಸತ್ವ ಫೋಲಿಕ್ ಆಮ್ಲ. ನಮ್ಮ ರೊಟ್ಟಿಯ ಜೊತೆಯ ಸೊಪ್ಪು, ಕಾಳುಗಳಲ್ಲೂ ಇದೆ. ರೋಗದ ಬೇರು ಆ ಹೆಂಗಸರ ಬಡ ಊಟದಲ್ಲಿತ್ತು.

ನಮ್ಮಲ್ಲಿ ಬಹಳವಾಗಿ ಕಾಣುವುದು ಕಬ್ಬಿಣದ ಕೊರತೆ. ಅದಕ್ಕೆ ಕಬ್ಬಿಣದ ಮಾತ್ರೆಯೇ ಮದ್ದು. ಬಿ-12 ಕೊರತೆಗೆ ಎಷ್ಟು ಕಬ್ಬಿಣ ನುಂಗಿದರೂ ಫಲವಿಲ್ಲ. ಲಿವರಿನಲ್ಲಿ ಎ ಜೀವಸತ್ವ ಅತಿಯಾಗಿರುವುದರಿಂದ ಬಸುರಿಯರಿಗೆ ಅದು ಸಲ್ಲದು.

2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ ಬಸುರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದು ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಇದು ಯಾರೂ ಕೊಡುವ ದಾನವಲ್ಲ, ನಮ್ಮ ಹಕ್ಕು. ಚಹಾದೊಡನೆ ಮಾತ್ರ ನುಂಗಬೇಡಿ.

ಕೂಲಿಯ ಹಣವನ್ನು ಟಾನಿಕ್ ಸೀಸೆಗೆ ಸುರಿಯುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಮುಗಿದಿದೆ ಎಂದರೆ ಒಬ್ಬರೇ ಹಿಂದಿರುಗದೆ ಹತ್ತು ಜನ ಕೂಡಿ ಕೇಳಿ. ಮಾತ್ರೆಯಿಂದ ರಕ್ತ ತುಂಬೀತು. ತುಂಬಿದ್ದು ಉಳಿಯಲು ಹೊಟ್ಟೆ ತುಂಬುವಷ್ಟು ಕೂಲಿಯೇ ಬೇಕು.