ಸೈನಿಕನ ಮಗುವಿನ ಹಕ್ಕು, ನಮ್ಮೆಲ್ಲರ ಹೊಣೆ

(ಜಿಗಣಿಯಲ್ಲಿ ತಾಯಂದಿರ ಸಭೆಯನ್ನು ಉದ್ದೇಶಿಸಿ ಮಾಡಿದ ಭಾಷಣ)



ಗಡಿಯನ್ನು ಕಾಯುವ ಯೋಧರನ್ನು ನಾವೆಲ್ಲರೂ ಗೌರವಿಸುತ್ತೇವೆ. ಅವರ ಮನೆಯಲ್ಲಿ ಬೆಳೆಯುತ್ತಿರುವ ಮಗುವಿನ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ. ದಂಡು ಪ್ರದೇಶದ ವಸತಿಗೃಹಗಳಲ್ಲಿರುವ ಮಕ್ಕಳಿಗೆ ಸೇನೆಯ ಆಸ್ಪತ್ರೆ, ಶಾಲೆಗಳ ಅನುಕೂಲವುಂಟು. ತಂದೆಯು ಕುಟುಂಬವನ್ನು ಕರೆದೊಯ್ಯಲಾಗದ ಠಾಣೆಯಲ್ಲಿದ್ದಾಗ, ತಾಯಿ ಮಕ್ಕಳು ತವರಿನಲ್ಲೋ ಜಿಗಣಿಯಂತಹ ಕೈಗಾರಿಕಾ ಊರಿನ ಬಾಡಿಗೆ ಮನೆಯಲ್ಲೋ ನೆಲೆಸಬೇಕಾಗುತ್ತದೆ. ಅಂತಹ ಮಗುವಿಗೆ ಇಲ್ಲಿಯ ಆರೋಗ್ಯ ಕೇಂದ್ರ, ಅಂಗನವಾಡಿ ಮತ್ತು ಶಾಲೆಗಳೇ ಆಸರೆ.

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿತು. ಆರೋಗ್ಯ, ಶಿಕ್ಷಣ, ರಕ್ಷಣೆ ಇವು ಪ್ರತಿ ಮಗುವಿನ ಹಕ್ಕೆಂಬುದು ಅದರ ಸಾರ. ಸೈನಿಕನ ಮಗುವಿಗೆ ಈ ಹಕ್ಕು ತಪ್ಪುವುದು ಎಷ್ಟೋ ಬಾರಿ ಯಾರ ದ್ವೇಷದಿಂದಲೂ ಅಲ್ಲ. ಊರು ಬದಲಾಯಿಸುವಾಗ ಕಳೆದುಹೋದ ಒಂದು ಚೀಟಿಯಿಂದ ಅಥವಾ ದೂರದಲ್ಲಿರುವ ತಂದೆಯ ಸಹಿ ಇಲ್ಲವೆಂಬ ಕಾರಣದಿಂದ.

ಮೊದಲನೆಯದು ಲಸಿಕೆ. ಹುಟ್ಟಿದಾಗ, 6, 10 ಮತ್ತು 14ನೆಯ ವಾರಗಳಲ್ಲಿ, 9ನೆಯ ತಿಂಗಳು ತುಂಬಿದಾಗ, ಮತ್ತೆ 16ರಿಂದ 24ನೆಯ ತಿಂಗಳೊಳಗೆ ಮಗುವಿಗೆ ಲಸಿಕೆಗಳನ್ನು ಹಾಕಿಸಬೇಕು. ವರ್ಗಾವಣೆಯ ಗಡಿಬಿಡಿಯಲ್ಲಿ ಒಂದು ಸುತ್ತು ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ತಾಯಿ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಕಾರ್ಡು ಕಳೆದಿದೆಯೆಂದು ಸಂಕೋಚಪಟ್ಟು ಮನೆಯಲ್ಲೇ ಉಳಿಯದಿರಿ. ಆಶಾ ಕಾರ್ಯಕರ್ತೆಯರು ಬಡಾವಣೆಗೆ ಹೊಸದಾಗಿ ಬಂದ ಮನೆಗಳನ್ನು ತಾವಾಗಿಯೇ ವಿಚಾರಿಸುವುದು ಒಳಿತು.

ಎರಡನೆಯದು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಬೇರೆ ರಾಜ್ಯದಿಂದ ಬಂದ ಮಗುವೂ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಬಹುದು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದಕ್ಕೆ ಕಳುಹಿಸುವಂತಿಲ್ಲ. ಕನ್ನಡದ ಅಕ್ಷರವನ್ನೇ ಕಾಣದೆ ಬಂದ ಮಗುವನ್ನು ದಡ್ಡನೆಂದು ಹಳಿಯುವುದು ಅನ್ಯಾಯ. ಮಾನಸಿಕ ಹಿಂಸೆಯನ್ನು ಅದೇ ಕಾಯ್ದೆಯು ನಿಷೇಧಿಸಿದೆ.

ಮೂರನೆಯದು ಸಹಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯು ತಂದೆಯನ್ನೂ, ಆತನ ನಂತರ ತಾಯಿಯನ್ನೂ ಸ್ವಾಭಾವಿಕ ಪಾಲಕರೆಂದು ಹೇಳುತ್ತದೆ. ನಂತರ ಎಂದರೆ ಮರಣಾನಂತರ ಎಂದಷ್ಟೇ ಅರ್ಥವಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದೂ ತಿಳಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ತೀರ್ಪಿತ್ತಿತು. ಆ ಅನುಪಸ್ಥಿತಿ ತಾತ್ಕಾಲಿಕವಾಗಿದ್ದರೂ ಸರಿಯೇ. ಆದ್ದರಿಂದ ಪತಿ ದೂರದ ಠಾಣೆಯಲ್ಲಿರುವಾಗ ಮಗುವಿನ ಹಿತಕ್ಕಾಗಿ ತಾಯಿ ಹಾಕುವ ಸಹಿಯನ್ನು ಕೀಳಾಗಿ ಕಾಣಬಾರದು.

ಕೆಲವು ಮನೆಗಳಲ್ಲಿ ಜೀವನಾಂಶವೇ ಬಾರದಿರುವುದುಂಟು. ಹೆಂಡತಿ ಮಕ್ಕಳ ಪೋಷಣೆಗಾಗಿ ಸೈನಿಕನ ವೇತನದಿಂದ ಹಣ ಕಡಿತಗೊಳಿಸಲು 1950ರ ಸೇನಾ ಕಾಯ್ದೆಯ 90 ಮತ್ತು 91ನೆಯ ಕಲಮುಗಳು ಅವಕಾಶ ನೀಡಿವೆ. ತಾಯಿಯು ಪತಿಯ ಘಟಕದ ಅಧಿಕಾರಿಗೆ ಅರ್ಜಿ ಬರೆಯಬಹುದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿಯೂ ಸಲಹೆ ಕೇಳಬಹುದು. ಇದು ಭಿಕ್ಷೆಯಲ್ಲ, ಮಗುವಿನ ಪಾಲು.

ಕೊನೆಯದಾಗಿ, ಮಗುವಿನ ಮನಸ್ಸು. ಅಪ್ಪ ರಜೆ ಮುಗಿಸಿ ಹೊರಟ ಮೇಲೆ ಹಾಸಿಗೆಯಲ್ಲಿ ಮೂತ್ರ ಮಾಡುವುದು, ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು, ಮಂಕಾಗಿ ಕೂರುವುದು ತುಂಟತನವಲ್ಲ. ಅಗಲಿಕೆಯ ನೋವು ಹಾಗೆ ತೋರಿಕೊಳ್ಳಬಹುದು. ಸೈನಿಕನ ಮಗ ಅಳಬಾರದೆಂದು ಗದರಿಸಬೇಡಿ. ಅಪ್ಪ ಎಲ್ಲಿದ್ದಾರೆ, ಯಾವಾಗ ಬರಬಹುದು ಎಂಬುದನ್ನು ವಯಸ್ಸಿಗೆ ತಕ್ಕಂತೆ ಸತ್ಯವಾಗಿ ಹೇಳಿ. ಗಡಿಯಲ್ಲಿ ಘರ್ಷಣೆಯ ಸುದ್ದಿ ಬಂದ ದಿನ ದೂರದರ್ಶನವನ್ನು ಆರಿಸಿ, ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ತೊಂದರೆ ಮುಂದುವರಿದರೆ ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಬಂಧುಗಳೇ, ದೂರದಲ್ಲಿ ಕಾವಲು ನಿಂತ ತಂದೆ ತನ್ನ ಮಗುವನ್ನು ಊರಿನ ಮಡಿಲಿಗೆ ಒಪ್ಪಿಸಿ ಹೋಗಿರುತ್ತಾನೆ. ಆ ಮಗುವಿನ ಲಸಿಕೆಯನ್ನು, ಪಾಠವನ್ನು, ನಗುವನ್ನು ಕಾಯುವ ಕೆಲಸ ನಮ್ಮದು. ಈ ಸಭೆಯಿಂದ ಹಿಂದಿರುಗುವಾಗ ನಿಮ್ಮ ಬೀದಿಯಲ್ಲಿ ಅಂತಹ ಮನೆಯೊಂದಿದೆಯೇ ಎಂದು ನೋಡಿ, ಬಾಗಿಲು ತಟ್ಟಿ ಯೋಗಕ್ಷೇಮ ವಿಚಾರಿಸಿರೆಂದು ಪ್ರಾರ್ಥಿಸುತ್ತೇನೆ.